ಹಣ್ಣುಗಳ ರಫ್ತು: ದೂರದ ಪೇಟೆಯನ್ನು ನಿರ್ಧರಿಸುವ ಅಂಶಗಳು

ವಿಜಯಪುರ ಜಿಲ್ಲೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಈ ಒಣ ಹವೆಯು ಜೋಳಕ್ಕೆ ಹೇಗೋ ಹಾಗೆಯೇ ದ್ರಾಕ್ಷಿ, ಲಿಂಬೆ ಮತ್ತು ದಾಳಿಂಬೆ ಬೆಳೆಗಳಿಗೂ ಒಗ್ಗುತ್ತದೆ. ಕೊಳವೆ ಬಾವಿ, ಹನಿ ನೀರಾವರಿ, ಮತ್ತು ಕೃಷ್ಣೆಯ ನೀರನ್ನು ಮೇಲೆತ್ತುವ ಮುಳವಾಡ ಏತ ನೀರಾವರಿ ಯೋಜನೆಗಳಿಂದ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ತೋಟದ ಬೆಳೆಗಳಿಗೆ ಅನುಕೂಲವಾಗಿದೆ. ಇಂಡಿ, ಸಿಂದಗಿ ಭಾಗಗಳಲ್ಲಿ ಲಿಂಬೆಯು ಬಹಳ ಹಿಂದಿನಿಂದಲೂ ಮನೆಮಾತಾದ ಬೆಳೆ. ಆದರೆ ತೋಟ ಮಾಡಿದ ರೈತನನ್ನು ಪ್ರತಿ ವರ್ಷ ಕಾಡುವ ಪ್ರಶ್ನೆ ಒಂದಿದೆ. ಹಣ್ಣು ಸಿಹಿಯಾಗಿದೆ, ಇಳುವರಿಯೂ ಬಂದಿದೆ. ಆದರೂ ನಾಸಿಕದ ದ್ರಾಕ್ಷಿ ಹಡಗು ಹತ್ತಿ ಯುರೋಪಿಗೆ ಹೋಗುವಾಗ ಮನಗೂಳಿ ಸುತ್ತಲಿನ ದ್ರಾಕ್ಷಿಯ ಬಹುಪಾಲು ಒಣಗಿಸುವ ಶೆಡ್ಡಿಗೇ ಹೋಗುವುದೇಕೆ?

ಇದಕ್ಕೆ ಉತ್ತರ ಹಣ್ಣಿನ ರುಚಿಯೊಂದರಲ್ಲಿಯೇ ಸಿಗುವುದಿಲ್ಲ. ಒಂದು ದೇಶದ ಹಣ್ಣು ಮತ್ತೊಂದು ದೇಶದ ಪೇಟೆಯನ್ನು ತಲುಪಬೇಕಾದರೆ ಹಲವು ಅಂಶಗಳು ಕೂಡಿ ಬರಬೇಕು. ಅವುಗಳಲ್ಲಿ ಹೆಚ್ಚಿನವು ರೈತನ ಕೈಯಲ್ಲಿಲ್ಲ. ಕೆಲವು ಮಾತ್ರ ಇವೆ. ಯಾವುದು ತನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಬೇರ್ಪಡಿಸಿ ತಿಳಿದುಕೊಂಡ ಬೆಳೆಗಾರನು ರಫ್ತಿನಿಂದ ಲಾಭ ಪಡೆಯಬಲ್ಲನು. ತಿಳಿಯದೆ ಕೈ ಹಾಕಿದವನು ಒಂದೇ ಹಂಗಾಮಿನಲ್ಲಿ ಸಾಲಕ್ಕೆ ಸಿಲುಕಬಹುದು.

ಕೊಳ್ಳುವ ದೇಶದ ಗಾತ್ರ ಮತ್ತು ದೂರ

ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಅವರು 1962ರಲ್ಲಿ ದೇಶ-ದೇಶಗಳ ವ್ಯಾಪಾರವನ್ನು ಅಳೆಯುವ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಎರಡು ದೇಶಗಳ ಆರ್ಥಿಕ ಗಾತ್ರ ದೊಡ್ಡದಾದಷ್ಟೂ ಅವುಗಳ ನಡುವಿನ ವ್ಯಾಪಾರ ಹೆಚ್ಚುತ್ತದೆ. ನಡುವಿನ ದೂರ ಹೆಚ್ಚಿದಷ್ಟೂ ಅದು ಕುಗ್ಗುತ್ತದೆ. ಇದು ರೈತರಿಗೆ ಹೊಸ ಮಾತೇನೂ ಅಲ್ಲ. ದೊಡ್ಡ ಊರಿನ ಸಂತೆ ಹತ್ತು ಹಳ್ಳಿಗಳ ಮಾಲನ್ನು ಸೆಳೆಯುತ್ತದೆ; ಆದರೆ ಎತ್ತಿನ ಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದವರೆಗೆ ಮಾತ್ರ.

ಭಾರತವು 2023-24ರಲ್ಲಿ ಸುಮಾರು 3.44 ಲಕ್ಷ ಟನ್ ತಾಜಾ ದ್ರಾಕ್ಷಿಯನ್ನು ರಫ್ತು ಮಾಡಿತು. ಅದರ ಮೌಲ್ಯ ಸುಮಾರು 3,460 ಕೋಟಿ ರೂಪಾಯಿ. ಕೊಂಡವರಲ್ಲಿ ನೆದರ್‌ಲ್ಯಾಂಡ್ಸ್, ಬ್ರಿಟನ್, ರಷ್ಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಬಾಂಗ್ಲಾದೇಶ ಮುಖ್ಯವಾದವು. ನೆದರ್‌ಲ್ಯಾಂಡ್ಸ್ ಒಂದು ಪುಟ್ಟ ದೇಶ. ಅಷ್ಟೆಲ್ಲ ದ್ರಾಕ್ಷಿಯನ್ನು ಅಲ್ಲಿಯವರೇ ತಿನ್ನುವುದಿಲ್ಲ. ಅಲ್ಲಿಯ ರಾಟರ್‌ಡ್ಯಾಮ್ ಬಂದರು ಯುರೋಪಿನ ಹೆಬ್ಬಾಗಿಲು. ಅಲ್ಲಿ ಇಳಿದ ಹಣ್ಣು ಜರ್ಮನಿ ಮೊದಲಾದ ದೇಶಗಳಿಗೆ ಹಂಚಿಕೆಯಾಗುತ್ತದೆ.

ದೂರವನ್ನು ಊರಿನಿಂದಲೇ ಲೆಕ್ಕ ಹಾಕಬೇಕು. ನಾಸಿಕದಿಂದ ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿಗೆ ಸುಮಾರು 200 ಕಿ.ಮೀ. ಮನಗೂಳಿಯಿಂದ ಸೊಲ್ಲಾಪುರ, ಪುಣೆ ಮಾರ್ಗವಾಗಿ ಅದೇ ಬಂದರಿಗೆ ಸುಮಾರು 500 ಕಿ.ಮೀ. ಲಾರಿ ಬಾಡಿಗೆಯ ವ್ಯತ್ಯಾಸಕ್ಕಿಂತ ಮುಖ್ಯವಾದುದು ಹೊತ್ತು. ಕಿತ್ತ ದ್ರಾಕ್ಷಿಯನ್ನು ನಾಲ್ಕರಿಂದ ಆರು ಗಂಟೆಗಳೊಳಗೆ ಪೂರ್ವ ಶೀತಲೀಕರಣ ಕೋಣೆಗೆ ಸೇರಿಸಿ ಹಣ್ಣಿನ ಬಿಸಿಯನ್ನು ಇಳಿಸಬೇಕು. ಆಮೇಲೆ 0ಯಿಂದ 1 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 90ರಿಂದ 95ರಷ್ಟು ಶೇಕಡಾ ತೇವಾಂಶದಲ್ಲಿ ಕಾಪಾಡಬೇಕು. ತೋಟದ ಹತ್ತಿರ ಇಂತಹ ಶೀತಲಗೃಹವಿಲ್ಲದಿದ್ದರೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ದೇಟು ಒಣಗುತ್ತದೆ. ಹಸಿರು ದೇಟು ಕಂದಾದ ಗೊಂಚಲನ್ನು ಹೊರನಾಡಿನ ಅಂಗಡಿಯವನು ಕೊಳ್ಳುವುದಿಲ್ಲ. ನಾಸಿಕಕ್ಕೂ ವಿಜಯಪುರಕ್ಕೂ ಇರುವ ಅಂತರದಲ್ಲಿ ಮಣ್ಣಿನ ಪಾಲಿಗಿಂತ ಬಂದರಿನ ದಾರಿ ಮತ್ತು ಶೀತಲಗೃಹಗಳ ಪಾಲೇ ದೊಡ್ಡದು.

ಹಂಗಾಮಿನ ಕಿಂಡಿ

ಯುರೋಪಿನಲ್ಲಿಯೂ ದ್ರಾಕ್ಷಿ ಬೆಳೆಯುತ್ತದೆ. ಸ್ಪೇನ್, ಇಟಲಿ, ಗ್ರೀಸ್ ದೇಶಗಳ ಹಣ್ಣು ಬೇಸಿಗೆಯಿಂದ ಚಳಿಗಾಲದ ಆರಂಭದವರೆಗೆ ಪೇಟೆಯನ್ನು ತುಂಬುತ್ತದೆ. ಅನಂತರ ಭೂಮಧ್ಯರೇಖೆಯ ದಕ್ಷಿಣದ ಪೆರು, ದಕ್ಷಿಣ ಆಫ್ರಿಕಾ, ಚಿಲಿ ದೇಶಗಳ ಹಣ್ಣು ಬರುತ್ತದೆ. ಅಕ್ಟೋಬರ್ ಚಾಟನಿ ಮಾಡಿದ ಭಾರತದ ತೋಟಗಳ ಹಣ್ಣು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಟಾವಿಗೆ ಬರುತ್ತದೆ. ಈ ಎರಡು ಮೂರು ತಿಂಗಳ ಕಿಂಡಿಯಲ್ಲಿಯೇ ಭಾರತದ ಹಣ್ಣು ನುಗ್ಗಬೇಕು. ಚಿಲಿ ಅಥವಾ ದಕ್ಷಿಣ ಆಫ್ರಿಕಾದಲ್ಲಿ ಆ ವರ್ಷ ಬೆಳೆ ಭರ್ಜರಿಯಾದರೆ ರಾಟರ್‌ಡ್ಯಾಮಿನಲ್ಲಿ ದರ ಬೀಳುತ್ತದೆ. ಅಲ್ಲಿ ಮಳೆ ಅಥವಾ ಮಂಜಿನಿಂದ ಬೆಳೆ ಕೆಟ್ಟರೆ ಇಲ್ಲಿಯ ಹಣ್ಣಿಗೆ ಬೆಲೆ ಬರುತ್ತದೆ. ಮನಗೂಳಿಯ ರೈತನಿಗೆ ಬರುವ ದರದಲ್ಲಿ ಅವನು ಕಾಣದ ದೇಶದ ಹವಾಮಾನವೂ ಸೇರಿರುತ್ತದೆ.

ದಾರಿ ಮತ್ತು ಸಾಗಾಣಿಕೆ

ಹಡಗಿನ ಸಾಗಾಣಿಕೆ ಅಗ್ಗ, ಆದರೆ ನಿಧಾನ. ವಿಮಾನ ಬೇಗ, ಆದರೆ ಬಹಳ ದುಬಾರಿ. ಆದುದರಿಂದ ಹೆಚ್ಚು ದಿನ ಉಳಿಯುವ ಹಣ್ಣಿಗೆ ಹಡಗೇ ಗತಿ. ಸೊಲ್ಲಾಪುರ ಭಾಗದ ಭಗವಾ ದಾಳಿಂಬೆಯನ್ನು 2024ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹಡಗಿನ ಮೂಲಕ ಆಸ್ಟ್ರೇಲಿಯಾಕ್ಕೆ ಕಳುಹಿಸಲಾಯಿತು. 2025ರ ಜನವರಿಯಲ್ಲಿ ಅದು ಸಿಡ್ನಿ ತಲುಪಿತು. ತಿಂಗಳಿಗೂ ಮಿಕ್ಕಿದ ಈ ಪಯಣವನ್ನು ಹಣ್ಣು ತಾಳಿಕೊಂಡಿದ್ದು ನೆರೆಯ ವಿಜಯಪುರದ ದಾಳಿಂಬೆ ಬೆಳೆಗಾರರಿಗೂ ಗಮನಾರ್ಹ ಸಂಗತಿ.

ಆದರೆ ಸಮುದ್ರದ ದಾರಿಯೂ ಯಾವಾಗಲೂ ತೆರೆದಿರುವುದಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದವು. ಸುಯೆಜ್ ಕಾಲುವೆಯ ಮೂಲಕ ಮೂರು ನಾಲ್ಕು ವಾರಗಳಲ್ಲಿ ಯುರೋಪ್ ಸೇರುತ್ತಿದ್ದ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಇದರಿಂದ ಸುಮಾರು ಎರಡು ವಾರ ಹೆಚ್ಚಾಯಿತು. ಕಂಟೇನರ್ ಬಾಡಿಗೆಯೂ ಬಹಳ ಏರಿತು. 2024ರ ದ್ರಾಕ್ಷಿ ಹಂಗಾಮು ಈ ಪೆಟ್ಟಿನಲ್ಲಿಯೇ ಸಾಗಿತು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ದಕ್ಷಿಣ ಆಫ್ರಿಕಾ, ಪೆರು, ಚಿಲಿ ದೇಶಗಳ ಹಡಗುಗಳು ಯುರೋಪಿಗೆ ಹೋಗಲು ಸುಯೆಜ್ ಕಾಲುವೆಯನ್ನು ಬಳಸುವುದೇ ಇಲ್ಲ. ಒಂದೇ ಘಟನೆಯು ಒಬ್ಬ ಮಾರಾಟಗಾರನ ದಾರಿಯನ್ನು ಉದ್ದ ಮಾಡಿ, ಅವನ ಪ್ರತಿಸ್ಪರ್ಧಿಯನ್ನು ಮುಟ್ಟದೆ ಬಿಟ್ಟಿತು.

ಸುಂಕ ಮತ್ತು ಒಪ್ಪಂದಗಳು

ಆಮದು ಸುಂಕವೆಂದರೆ ಕೊಳ್ಳುವ ದೇಶದ ಗಡಿಯಲ್ಲಿ ಕೊಡುವ ತೆರಿಗೆ. ಇದನ್ನು ಆಮದುದಾರ ಕಟ್ಟಿದರೂ ಅದರ ಒಂದು ಭಾಗ ಕೊನೆಗೆ ರೈತನ ದರದಲ್ಲಿಯೇ ಕಡಿತವಾಗುತ್ತದೆ. ಚಿಲಿ ದೇಶಕ್ಕೆ 2003ರಿಂದ, ಪೆರು ದೇಶಕ್ಕೆ 2013ರಿಂದ ಯುರೋಪಿನೊಡನೆ ವ್ಯಾಪಾರ ಒಪ್ಪಂದಗಳು ಜಾರಿಯಲ್ಲಿವೆ. ಭಾರತ ಮತ್ತು ಯುರೋಪಿನ ನಡುವೆ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಈ ದೀರ್ಘ ಕಾಲದಲ್ಲಿ ಭಾರತದ ದ್ರಾಕ್ಷಿ ಸುಂಕ ಹೊತ್ತು ಸ್ಪರ್ಧಿಸಬೇಕಾಯಿತು. ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಗಿನ ಒಪ್ಪಂದವು 2022ರ ಮೇ 1ರಿಂದ ಜಾರಿಗೆ ಬಂದಿದೆ. ಬ್ರಿಟನ್ನಿನೊಡನೆ 2025ರ ಜುಲೈ 24ರಂದು ಒಪ್ಪಂದಕ್ಕೆ ಸಹಿಯಾಯಿತು.

ನೆರೆಯ ದೇಶದ ಸುಂಕ ಎಷ್ಟು ಪೆಟ್ಟು ಕೊಡಬಲ್ಲದೆಂಬುದಕ್ಕೆ ನಾಗಪುರದ ಕಿತ್ತಳೆ ಸಾಕ್ಷಿ. ಅದರ ದೊಡ್ಡ ಗಿರಾಕಿ ಬಾಂಗ್ಲಾದೇಶ. ಆ ದೇಶವು ಹಣ್ಣಿನ ಆಮದು ಸುಂಕವನ್ನು ಮೇಲಿಂದ ಮೇಲೆ ಏರಿಸಿದಾಗ ರಫ್ತು ಕುಸಿದು, ವಿದರ್ಭದ ಬೆಳೆಗಾರರು ಒಳನಾಡಿನ ಪೇಟೆಯಲ್ಲಿ ಬಿದ್ದ ದರಕ್ಕೆ ಮಾರಬೇಕಾಯಿತು. ಒಂದೇ ಗಿರಾಕಿಯನ್ನು ನಂಬಿದ ಬೆಳೆಗೆ ಇಂತಹ ಅಪಾಯ ತಪ್ಪಿದ್ದಲ್ಲ.

ವಿನಿಮಯ ದರವೂ ಸುಂಕದಂತೆಯೇ ಕೆಲಸ ಮಾಡುತ್ತದೆ. ಒಂದು ಕಿಲೋ ಹಣ್ಣು 2 ಯೂರೋಗೆ ಮಾರಾಟವಾಯಿತೆಂದು ಭಾವಿಸಿದರೆ, ಯೂರೋದ ಬೆಲೆ 80 ರೂ. ಇದ್ದಾಗ 160 ರೂ. ಆಗುತ್ತದೆ, 90 ರೂ. ಇದ್ದಾಗ 180 ರೂ. ಆಗುತ್ತದೆ. ಆದರೆ ಹಡಗಿನ ಬಾಡಿಗೆಯನ್ನೂ ಡಾಲರಿನಲ್ಲಿಯೇ ಕೊಡಬೇಕಾಗುವುದರಿಂದ ಹೆಚ್ಚಿದ ಹಣವೆಲ್ಲ ಕೈಗೆ ಉಳಿಯುವುದಿಲ್ಲ.

ಕೀಟ ಮತ್ತು ರೋಗಗಳ ಗಡಿ

ಸುಂಕ ಕಟ್ಟಿದರೆ ಗಡಿ ತೆರೆಯುತ್ತದೆ. ಆದರೆ ಹಣ್ಣಿನೊಳಗಿನ ಒಂದು ಹುಳು ಗಡಿಯನ್ನು ವರ್ಷಗಟ್ಟಲೆ ಮುಚ್ಚಿಸಬಲ್ಲದು. ತಮ್ಮಲ್ಲಿಲ್ಲದ ಕೀಟ ರೋಗಗಳು ಒಳಬಾರದಂತೆ ತಡೆಯುವ ಹಕ್ಕನ್ನು 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವು ಎಲ್ಲ ದೇಶಗಳಿಗೂ ಕೊಟ್ಟಿದೆ. ವೈಜ್ಞಾನಿಕ ಆಧಾರ ಮಾತ್ರ ಇರಬೇಕು.

ಹಣ್ಣಿನ ನೊಣದ ಕಾರಣದಿಂದ ಜಪಾನ್ 1986ರಲ್ಲಿ ಭಾರತದ ಮಾವನ್ನು ನಿಷೇಧಿಸಿತು. ಇಪ್ಪತ್ತು ವರ್ಷಗಳ ಬಳಿಕ, 2006ರಲ್ಲಿ, ಬಿಸಿ ಆವಿಯ ಉಪಚಾರ ಮಾಡಿದ ಹಣ್ಣಿಗೆ ಮಾತ್ರ ಪ್ರವೇಶ ಸಿಕ್ಕಿತು. ಅಮೆರಿಕ 2007ರಲ್ಲಿ ವಿಕಿರಣ ಉಪಚಾರದ ಷರತ್ತಿನ ಮೇಲೆ ಮಾವಿಗೆ ಬಾಗಿಲು ತೆರೆಯಿತು. 2014ರ ಮೇ 1ರಿಂದ ಯುರೋಪ್ ಒಕ್ಕೂಟವು ಭಾರತದ ಮಾವು ಮತ್ತು ನಾಲ್ಕು ತರಕಾರಿಗಳನ್ನು ತಡೆಹಿಡಿಯಿತು. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಕೆಲವು ಪೆಟ್ಟಿಗೆಗಳಲ್ಲಿ ಕಂಡ ನೊಣಕ್ಕೆ ಇಡೀ ದೇಶದ ಬೆಳೆಗಾರರು ಬೆಲೆ ತೆತ್ತರು.

ಇಂಡಿ ಲಿಂಬೆಯ ವಿಷಯದಲ್ಲಿಯೂ ಇದನ್ನು ನೆನಪಿಡಬೇಕು. 2023ರಲ್ಲಿ ಈ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರ ಆಗಸ್ಟಿನಲ್ಲಿ ಅಪೇಡಾ ಸಂಸ್ಥೆಯ ನೆರವಿನಿಂದ 3 ಟನ್ ಇಂಡಿ ಲಿಂಬೆ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ರಫ್ತಾಯಿತು. ಕೊಲ್ಲಿ ದೇಶಗಳು ಹತ್ತಿರ; ಅಲ್ಲಿ ಭಾರತೀಯರೂ ಬಹಳ. ಆದರೆ ಲಿಂಬೆಯ ತೋಟ ಮಾಡುವ ಯುರೋಪಿನ ದೇಶಗಳಿಗೆ ಕ್ಯಾಂಕರ್ ಎಂಬ ಕಜ್ಜಿ ರೋಗದ ಭಯ ಹೆಚ್ಚು. ಕಾಗದಿ ಲಿಂಬೆ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಸಿಪ್ಪೆಯ ಮೇಲೆ ಕಜ್ಜಿಯ ಚುಕ್ಕೆ ಇರುವ ಹಣ್ಣು ವಿಜಯಪುರದ ಪೇಟೆಯಲ್ಲಿ ಸ್ವಲ್ಪ ಕಡಿಮೆ ದರಕ್ಕೆ ಮಾರಾಟವಾಗುತ್ತದೆ; ಯುರೋಪಿನ ಗಡಿಯಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಭೌಗೋಳಿಕ ಗುರುತು ಹಣ್ಣಿಗೆ ಹೆಸರು ಕೊಡುತ್ತದೆ. ಹೆಸರನ್ನು ಉಳಿಸುವುದು ರೋಗಮುಕ್ತ ತೋಟ.

ಔಷಧಿಯ ಶೇಷಾಂಶ

ದ್ರಾಕ್ಷಿ ರಫ್ತಿನಲ್ಲಿ ಅತಿ ಬಿಗಿಯಾದ ತಡೆ ಔಷಧಿಯ ಶೇಷಾಂಶದ್ದು. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಗೊತ್ತುಪಡಿಸದ ಔಷಧಿಗಳಿಗೆ ಒಂದು ಕಿಲೋ ಹಣ್ಣಿನಲ್ಲಿ 0.01 ಮಿಲಿ ಗ್ರಾಂ ಸಾಮಾನ್ಯ ಮಿತಿ. ಎಂದರೆ 10 ಟನ್ ಹೊರುವ ಹತ್ತು ಲಾರಿಗಳ ಹಣ್ಣಿನಲ್ಲಿ ಒಂದೇ ಒಂದು ಗ್ರಾಂ. ನಾಲಿಗೆಗಾಗಲಿ ಕಣ್ಣಿಗಾಗಲಿ ಇದು ತಿಳಿಯುವಂತಿಲ್ಲ. ಪ್ರಯೋಗಾಲಯದ ಯಂತ್ರಕ್ಕೆ ಮಾತ್ರ ತಿಳಿಯುತ್ತದೆ.

2003ರಲ್ಲಿ ಯುರೋಪಿನಲ್ಲಿ ಭಾರತದ ದ್ರಾಕ್ಷಿಯಲ್ಲಿ ಶೇಷಾಂಶ ಕಂಡುಬಂದ ಮೇಲೆ ಅಪೇಡಾ ಹಾಗೂ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಮೂಲಕ ಶೇಷಾಂಶ ನಿಗಾ ಕಾರ್ಯಕ್ರಮ ಆರಂಭವಾಯಿತು. 2006ರಲ್ಲಿ ಗ್ರೇಪ್‌ನೆಟ್ ಎಂಬ ನೋಂದಣಿ ವ್ಯವಸ್ಥೆ ಬಂದಿತು. ಇದರಿಂದ ಹೊರನಾಡಿನ ಅಂಗಡಿಯಲ್ಲಿರುವ ಪೆಟ್ಟಿಗೆಯನ್ನು ಯಾವ ತೋಟದ್ದೆಂದು ಪತ್ತೆ ಹಚ್ಚಬಹುದು. ಇಷ್ಟಾದರೂ 2010ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಬಳ್ಳಿಯ ಬೆಳವಣಿಗೆ ತಡೆದು ಗೊಂಚಲು ಹೆಚ್ಚಿಸಲು ಬೆಳೆಗಾರರು ಬಳಸುವ ಸಿ.ಸಿ.ಸಿ., ಅಂದರೆ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ಮಿತಿಗಿಂತ ಹೆಚ್ಚು ಪ್ರಮಾಣದಲ್ಲಿ ಯುರೋಪಿನಲ್ಲಿ ಪತ್ತೆಯಾಯಿತು. ಕಂಟೇನರುಗಳು ಬಂದರಿನಲ್ಲಿಯೇ ಉಳಿದವು. ಬೆಳೆಗಾರರೂ ರಫ್ತುದಾರರೂ ಭಾರಿ ನಷ್ಟ ಅನುಭವಿಸಿದರು. ಇಲ್ಲಿ ಪರೀಕ್ಷೆ ಮಾಡದಿದ್ದ ಔಷಧಿಯನ್ನು ಅಲ್ಲಿ ಪರೀಕ್ಷೆ ಮಾಡಿದರು.

ಈ ಘಟನೆಯ ಪಾಠ ಸ್ಪಷ್ಟ. ಸಿ.ಸಿ.ಸಿ.ಯನ್ನು ಸಾಮಾನ್ಯವಾಗಿ ಬಳಸುವುದು ಏಪ್ರಿಲ್ ಚಾಟನಿಯ ನಂತರ. ಹಣ್ಣು ಕಟಾವಾಗುವುದು ಮುಂದಿನ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲಿ. ಆದುದರಿಂದ ರಫ್ತಿನ ತಯಾರಿ ಕಟಾವಿನ ಮುಂಚಿನ ತಿಂಗಳಲ್ಲಿ ಆರಂಭವಾಗುವಂಥದ್ದಲ್ಲ. ಏಪ್ರಿಲ್ ಚಾಟನಿಯ ದಿನವೇ ಆರಂಭವಾಗಬೇಕು.

ರೈತನ ಕೈಯಲ್ಲಿರುವ ಅಂಶಗಳು

ಮೇಲೆ ಹೇಳಿದವುಗಳಲ್ಲಿ ದೂರ, ಹಡಗಿನ ದಾರಿ, ಸುಂಕ, ವಿನಿಮಯ ದರ, ಚಿಲಿಯ ಬೆಳೆ ಇವು ಯಾವುವೂ ರೈತನ ಅಧೀನದಲ್ಲಿಲ್ಲ. ಅವನ ಅಧೀನದಲ್ಲಿರುವ ಅಂಶಗಳು ಇಂತಿವೆ:

1. ನೋಂದಣಿ: ರಫ್ತು ಮಾಡಬಯಸುವ ತೋಟವನ್ನು ಪ್ರತಿ ವರ್ಷ ತೋಟಗಾರಿಕೆ ಇಲಾಖೆಯ ಮೂಲಕ ನೋಂದಾಯಿಸತಕ್ಕದ್ದು. ನೋಂದಣಿಯಾಗದ ತೋಟದ ಹಣ್ಣು ಯುರೋಪಿಗೆ ಹೋಗುವಂತಿಲ್ಲ.

2. ಸಿಂಪರಣೆಯ ದಾಖಲೆ: ಯಾವ ದಿನ, ಯಾವ ಔಷಧಿ, ಎಷ್ಟು ಪ್ರಮಾಣ, ಯಾವ ಕಾರಣಕ್ಕೆ ಎಂಬುದನ್ನು ಏಪ್ರಿಲ್ ಚಾಟನಿಯಿಂದಲೇ ಪುಸ್ತಕದಲ್ಲಿ ಬರೆದಿಡಬೇಕು. ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವು ಪ್ರಕಟಿಸುವ ಪಟ್ಟಿಯಲ್ಲಿಲ್ಲದ ಔಷಧಿಯನ್ನು, ಹೆಸರಿಲ್ಲದ "ಟಾನಿಕ್"ಗಳನ್ನು ಮುಟ್ಟಬಾರದು. ಸಿಂಪರಣೆಗೂ ಕಟಾವಿಗೂ ನಡುವೆ ಬಿಡಬೇಕಾದ ದಿನಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

3. ಗೊಂಚಲುಗಳ ಸಂಖ್ಯೆ: ಯುರೋಪಿನ ಖರೀದಿದಾರರು ಸಾಮಾನ್ಯವಾಗಿ 16ರಿಂದ 18 ಮಿ.ಮೀ.ಗೆ ಮೇಲ್ಪಟ್ಟ, ಒಂದೇ ಗಾತ್ರದ, ಒಂದೇ ಬಣ್ಣದ ಮಣಿಗಳನ್ನು ಕೇಳುತ್ತಾರೆ. ಇದಕ್ಕಾಗಿ ಬಳ್ಳಿಯ ಮೇಲೆ ಗೊಂಚಲುಗಳನ್ನು ಮಿತಗೊಳಿಸಿ, ಗೊಂಚಲಿನಲ್ಲಿ ಮಣಿಗಳನ್ನು ವಿರಳಗೊಳಿಸಬೇಕು. ಹೆಚ್ಚು ಇಳುವರಿಯ ಆಸೆ ಮತ್ತು ರಫ್ತಿನ ಆಸೆ ಒಂದೇ ಬಳ್ಳಿಯಲ್ಲಿ ನಿಲ್ಲುವುದಿಲ್ಲ.

4. ನೆರೆಹೊರೆ: ಪಕ್ಕದ ತೋಟದಲ್ಲಿ ಸಿಂಪಡಿಸಿದ ಔಷಧಿ ಗಾಳಿಗೆ ತೇಲಿ ಬರಬಹುದು. ನಾಲ್ಕಾರು ಬೆಳೆಗಾರರು ಒಟ್ಟಾಗಿ ನೋಂದಾಯಿಸಿ, ಒಂದೇ ಸಿಂಪರಣಾ ಕ್ರಮ ಅನುಸರಿಸಿದರೆ ಈ ಭಯ ಕಡಿಮೆ. ಒಂದು ಕಂಟೇನರಿಗೆ ಬೇಕಾಗುವ ಹತ್ತು ಹನ್ನೆರಡು ಟನ್ ಹಣ್ಣನ್ನು ಒಂದೇ ದಿನ ಕೂಡಿಸುವುದೂ ಸುಲಭ.

5. ಕರಾರು: ಹಣ್ಣನ್ನು ತೋಟದಲ್ಲಿಯೇ ಗೊತ್ತಾದ ದರಕ್ಕೆ ಕೊಟ್ಟರೆ ಮುಂದಿನ ನಷ್ಟ ವ್ಯಾಪಾರಿಯದು. "ಅಲ್ಲಿ ಮಾರಾಟವಾದ ಮೇಲೆ ಖರ್ಚು ಕಳೆದು ಕೊಡುತ್ತೇವೆ" ಎಂಬ ಕರಾರಾದರೆ ಹಡಗು ತಡವಾದರೂ, ಹಣ್ಣು ಕೊಳೆತರೂ ನಷ್ಟ ರೈತನದೇ. ಪರೀಕ್ಷೆಯ ಖರ್ಚು ಯಾರದು, ಹಣ ಯಾವಾಗ, ತಿರಸ್ಕೃತ ಹಣ್ಣಿನ ಗತಿ ಏನು ಎಂಬ ಮೂರನ್ನು ಬರವಣಿಗೆಯಲ್ಲಿ ಪಡೆಯದೆ ಕತ್ತರಿ ಹಾಕಬಾರದು.

ಎರಡನೆಯ ಬಾಗಿಲು

ರಫ್ತು ಲಾಭವೋ ಒಣದ್ರಾಕ್ಷಿ ಲಾಭವೋ ಎಂಬುದನ್ನು ಚಾಟನಿಗೆ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬೇಕು. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ರೈತರು ತಮ್ಮ ತಮ್ಮ ತೋಟದ ಅಂಕಿಗಳನ್ನು ಇಟ್ಟು ನೋಡಬೇಕು.

ಒಣದ್ರಾಕ್ಷಿ: ಎಕರೆಗೆ 12 ಟನ್ ಹಣ್ಣು ಬಂದರೆ, 4 ಕಿಲೋಗೆ 1 ಕಿಲೋ ಲೆಕ್ಕದಲ್ಲಿ 3 ಟನ್ ಒಣದ್ರಾಕ್ಷಿ. ಒಣಗಿಸುವ ಖರ್ಚು ಕಳೆದು ಕಿಲೋಗೆ 170 ರೂ. ಸಿಕ್ಕರೆ 5.10 ಲಕ್ಷ ರೂ.

ರಫ್ತು: ಗೊಂಚಲು ಮಿತಗೊಳಿಸಿದ್ದರಿಂದ ಎಕರೆಗೆ 10 ಟನ್. ಅದರಲ್ಲಿ 6 ಟನ್ ರಫ್ತಿಗೆ ಯೋಗ್ಯವಾಗಿ ಕಿಲೋಗೆ 80 ರೂ.ನಂತೆ 4.80 ಲಕ್ಷ, ಉಳಿದ 4 ಟನ್ ಊರ ಪೇಟೆಯಲ್ಲಿ 30 ರೂ.ನಂತೆ 1.20 ಲಕ್ಷ. ಒಟ್ಟು 6 ಲಕ್ಷ ರೂ. ಮಣಿ ವಿರಳಗೊಳಿಸುವ ಕೂಲಿ, ಪರೀಕ್ಷೆ ಮುಂತಾದ ಹೆಚ್ಚಿನ ಖರ್ಚು 30,000 ರೂ. ಕಳೆದರೆ 5.70 ಲಕ್ಷ ರೂ. ಅಂದರೆ ಒಣದ್ರಾಕ್ಷಿಗಿಂತ 60,000 ರೂ. ಹೆಚ್ಚು.

ಇದೇ ತೋಟದಲ್ಲಿ ರಫ್ತಿನ ದರ 70 ರೂ.ಗೆ ಇಳಿದರೆ ಎರಡೂ ಸಮ. 55 ರೂ.ಗೆ ಇಳಿದರೆ ಕೈಗೆ ಬರುವುದು 4.20 ಲಕ್ಷ, ಒಣದ್ರಾಕ್ಷಿಗಿಂತ 90,000 ರೂ. ಕಡಿಮೆ. ಆದುದರಿಂದ ಪ್ರತಿಯೊಬ್ಬ ಬೆಳೆಗಾರನೂ ತನ್ನ ತೋಟದ ಈ "ಸಮ ದರ"ವನ್ನು ತಿಳಿದಿರಬೇಕು. ವ್ಯಾಪಾರಿ ಹೇಳುವ ದರ ಅದಕ್ಕಿಂತ ಕೆಳಗಿದ್ದರೆ, ಹಣ್ಣನ್ನು ಬಳ್ಳಿಯ ಮೇಲೆ ಸಕ್ಕರೆ ಅಂಶ 22 ಬ್ರಿಕ್ಸ್ ದಾಟುವವರೆಗೆ ಬಿಟ್ಟು ಶೆಡ್ಡಿಗೆ ಹಾಕುವುದೇ ಲೇಸು.

2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ದ್ರಾಕ್ಷಿ ಕಟಾವು ಅರ್ಧ ದಾರಿಯಲ್ಲಿತ್ತು. ತಾಜಾ ಹಣ್ಣಿನ ಪೇಟೆಗಳು ಮುಚ್ಚಿದವು, ಲಾರಿಗಳು ನಿಂತವು. ಶೆಡ್ಡು ಇದ್ದ ಬೆಳೆಗಾರನು ಹಣ್ಣನ್ನು ಒಣಗಿಸಿ ಕಾಯಬಲ್ಲವನಾದನು. ವಿಜಯಪುರದ ರೈತರು ವರ್ಷಗಳಿಂದ ರೂಢಿಸಿಕೊಂಡ ಒಣದ್ರಾಕ್ಷಿ ವಿದ್ಯೆಯು ರಫ್ತು ಮಾಡಲಾಗದ ಕೊರತೆಯ ಗುರುತಲ್ಲ. ಅದು ತೋಟದ ಎರಡನೆಯ ಬಾಗಿಲು. ನಾಸಿಕದ ತಾಜಾ ಹಣ್ಣಿನ ಬೆಳೆಗಾರರಲ್ಲಿ ಅನೇಕರಿಗೆ ಇದು ಇಷ್ಟು ಹತ್ತಿರದಲ್ಲಿಲ್ಲ.

ಹೊಸದಾಗಿ ರಫ್ತಿಗೆ ಇಳಿಯುವವರು ಮೊದಲ ವರ್ಷ ತೋಟದ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ನೋಂದಾಯಿಸಿ, ಉಳಿದುದನ್ನು ಎಂದಿನಂತೆ ಒಣದ್ರಾಕ್ಷಿಗೆ ಇಟ್ಟುಕೊಳ್ಳುವುದು ಕ್ಷೇಮ. ದಾಖಲೆ ಬರೆಯುವ ಅಭ್ಯಾಸ, ಗೊಂಚಲು ತಿದ್ದುವ ಕೆಲಸಗಾರರ ತರಬೇತಿ, ವ್ಯಾಪಾರಿಯ ನಡತೆ, ಇವೆಲ್ಲ ಆ ಒಂದು ಪಾಲಿನಲ್ಲಿಯೇ ತಿಳಿದುಬರುತ್ತವೆ. ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳನ್ನು ಏಪ್ರಿಲ್ ಚಾಟನಿಗೆ ಮೊದಲೇ ಸಂಪರ್ಕಿಸುವುದು ಒಳ್ಳೆಯದು.

ಒಟ್ಟಿನಲ್ಲಿ, ಸಮುದ್ರವನ್ನು ಹತ್ತಿರ ತರುವುದಾಗಲಿ ಸುಂಕವನ್ನು ಇಳಿಸುವುದಾಗಲಿ ಮನಗೂಳಿಯ ರೈತನಿಂದ ಆಗದ ಕೆಲಸ. ಸಿಂಪರಣೆಯ ಪುಸ್ತಕ, ಹಗುರಾದ ಬಳ್ಳಿ, ಬರೆದ ಕರಾರು ಮತ್ತು ತೆರೆದಿಟ್ಟ ಎರಡನೆಯ ಬಾಗಿಲು, ಈ ನಾಲ್ಕು ಅವನಿಂದ ಆಗುವಂಥವು. ದೂರದ ಪೇಟೆ ಒಲಿದ ವರ್ಷ ಲಾಭ ತರುವುದೂ, ಮುನಿದ ವರ್ಷ ತೋಟವನ್ನು ಉಳಿಸುವುದೂ ಇವೇ.